ಜೊತೆಗೆ ಕೆಲಸ ಮಾಡುವ ಹಿರಿಯರಿಂದ ನೀವು ಕಲಿತದ್ದೇನು? ನಮ್ಮ ಟರ್ನರ್ ಅಣ್ಣ ಈ ತಿಂಗಳು ರಿಟೈರ್ ಆಗುತ್ತಿದ್ದಾರೆ

ಪೀಣ್ಯ_ಹುಡುಗ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಮಷೀನ್ ಶಾಪ್‌ನಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಒಬ್ಬ ಹಿರಿಯರಿದ್ದಾರೆ, ಎಲ್ಲರೂ ಟರ್ನರ್ ಅಣ್ಣ ಎಂದೇ ಕರೆಯುತ್ತೇವೆ. ಐಟಿಐ ಮುಗಿಸಿ 1987ರಲ್ಲಿ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿದ್ದವರು. 1990ರಿಂದ ನಮ್ಮ ಶಾಪ್‌ನಲ್ಲೇ ಇದ್ದಾರೆ. ಈ ತಿಂಗಳ ಕೊನೆಗೆ ರಿಟೈರ್. ಅವರ ಎನ್‌ಎಚ್ 26 ಲೇತ್ ಪಕ್ಕದಲ್ಲೇ ನನ್ನ ಮಷೀನ್ ಇರುವುದರಿಂದ ದಿನಕ್ಕೆ ಎಂಟು ಗಂಟೆ ಅವರ ಮಾತು ಕೇಳಿದ್ದೇನೆ. ಮನೆಯಲ್ಲಿ ಅಪ್ಪನ ಜೊತೆ ಕೂಡ ಅಷ್ಟು ಮಾತಾಡಿಲ್ಲ.

ಒಂದು ಘಟನೆ ಹೇಳುತ್ತೇನೆ. ಸೇರಿದ ಎರಡನೇ ವರ್ಷ. 100 ಎಂಎಂ ಶಾಫ್ಟ್ (ಲೇತ್ ಮೇಲೆ ತಿರುಗಿಸಿ ಕತ್ತರಿಸುವ ಇಂಥ ತುಂಡನ್ನು ನಾವು ಜಾಬ್ ಎನ್ನುತ್ತೇವೆ), ಬೇರಿಂಗ್ ಕೂರುವ ಜಾಗ. ಕೊನೆಯ ಕಟ್ ಹೊಡೆದೆ, ತಕ್ಷಣ ಮೈಕ್ರೋಮೀಟರ್ ಹಾಕಿದೆ, ಸರಿಯಾಗಿ ಸೈಜಿಗೆ ಬಂದಿತ್ತು. ಖುಷಿಯಿಂದ ಬಿಚ್ಚಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಇನ್‌ಸ್ಪೆಕ್ಷನ್‌ನಲ್ಲಿ ಅಂಡರ್ ಸೈಜ್, ರಿಜೆಕ್ಟ್. ಸೂಪರ್‌ವೈಸರ್ ಎಲ್ಲರೆದುರಿಗೆ ಬಾಯಿಗೆ ಬಂದಂತೆ ಬೈದರು. ನಾನು ಮಷೀನ್ ಆಫ್ ಮಾಡಿ ಗೇಟ್ ಎದುರಿನ ಟೀ ಅಂಗಡಿಗೆ ಹೋಗಿ ಮೊಬೈಲಿನಲ್ಲಿ ರಾಜೀನಾಮೆ ಟೈಪ್ ಮಾಡುತ್ತಾ ಕೂತಿದ್ದೆ. ಅಣ್ಣ ಬಂದರು. ಎರಡು ಟೀ ಹೇಳಿದರು. ಕೇಳಿದರು, "ಜಾಬ್ ಯಾಕೆ ಹೋಯ್ತು ಗೊತ್ತಾಯ್ತೇನೋ?" ಇಲ್ಲ ಅಂದೆ. "ಬಿಸಿ ಇದ್ದಾಗ ಅಳೆದೆ. ಕಬ್ಬಿಣ ಕಾದಾಗ ಹಿಗ್ಗಿರತ್ತೆ. ಆರಿದ ಮೇಲೆ ಕುಗ್ತು. ಈಗ ಮೊಬೈಲಲ್ಲಿ ಬರೀತಿದ್ದೀಯಲ್ಲ, ಅದನ್ನೂ ಬಿಸಿ ಇದ್ದಾಗಲೇ ಅಳೀತಿದ್ದೀಯ. ನಾಳೆ ಬೆಳಿಗ್ಗೆ ಮತ್ತೆ ಓದು. ಆಗಲೂ ಸೈಜಿಗೆ ಇದ್ರೆ ಕಳಿಸು."

ಮರುದಿನ ಓದಿದೆ. ಕಳಿಸಲಿಲ್ಲ. ಆಮೇಲೆ ತಂಗಿ ಮದುವೆ ವಿಷಯದಲ್ಲಿ, ಬೈಕ್ ಸಾಲದ ವಿಷಯದಲ್ಲಿ, ಎಲ್ಲ ಕಡೆ ಈ ಮಾತು ನೆನಪಾಗಿದೆ.

ನಿಮಗೂ ಹೀಗೆ ಕಲಿಸಿದವರು ಇದ್ದಾರಾ? ಬರೆಯಿರಿ. ಇನ್ನೊಂದು ಪ್ರಶ್ನೆ, ಬೀಳ್ಕೊಡುಗೆಗೆ ಅವರಿಗೆ ಏನು ಕೊಡಲಿ?

ತುಂಗೆ_ತೀರ

ಟೀ ಅಂಗಡಿಯಲ್ಲಿ ಕಲಿತದ್ದು ಐಟಿಐಯಲ್ಲಿ ಕಲಿಯಲಿಲ್ಲ, ನನ್ನದೂ ಅದೇ ಕಥೆ. ನಮ್ಮ ಹಿರಿಯರು ಮೊದಲ ದಿನ ಹೇಳಿದ್ದು ಒಂದೇ: ಚಕ್ (ಜಾಬ್ ಹಿಡಿದು ತಿರುಗಿಸುವ ಭಾಗ) ಬಿಗಿಯುವ ಕೀ ಕೈಯಲ್ಲಿರಲಿ, ಇಲ್ಲ ಸ್ಟ್ಯಾಂಡ್‌ನಲ್ಲಿರಲಿ, ಚಕ್‌ನಲ್ಲಿ ಮಾತ್ರ ಬಿಡಬೇಡ. ಅವರ ಎಡಗೈ ಕಿರುಬೆರಳು ಅರ್ಧ ಇರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ.

ಮೈಕ್ರಾನ್_ಮಾವ

ಲೆಕ್ಕ ಹೇಳುತ್ತೇನೆ, ಹುಡುಗರಿಗೆ ಉಪಯೋಗಕ್ಕೆ ಬರಲಿ. ಸ್ಟೀಲ್ ಒಂದು ಮೀಟರಿಗೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹನ್ನೊಂದೂವರೆ ಮೈಕ್ರಾನ್‌ನಷ್ಟು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಹಿಗ್ಗುತ್ತದೆ. 100 ಎಂಎಂ ಶಾಫ್ಟ್ 25 ಡಿಗ್ರಿ ಕಾದಿದ್ದರೆ ಸುಮಾರು 29 ಮೈಕ್ರಾನ್ ದಪ್ಪ ಕಾಣುತ್ತದೆ. ಆ ಸೈಜಿನಲ್ಲಿ ಕೆ6 ಫಿಟ್ (ಬೇರಿಂಗ್ ಬಿಗಿಯಾಗಿ ಕೂರುವ ಅಳತೆ) ಕೊಟ್ಟಿದ್ದರೆ ಇಡೀ ಟಾಲರೆನ್ಸೇ, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸವೇ, 22 ಮೈಕ್ರಾನ್. ಅಂದರೆ ನಿಮ್ಮ ಜಾಬ್ ಹೋಗಲೇಬೇಕಿತ್ತು. ಅಳತೆಗೆ ಪ್ರಮಾಣದ ಉಷ್ಣತೆ 20 ಡಿಗ್ರಿ ಎಂದು ಲೋಕವೆಲ್ಲ ಒಪ್ಪಿರುವುದು ಇದಕ್ಕೇ.

ಸಿಎನ್‌ಸಿ_ಆಪರೇಟರ್

ಇವೆಲ್ಲ ಹಳೆಯ ಕಾಲದ ಮಾತು ಸ್ವಾಮಿ. ಈಗಿನ ಕಂಪ್ಯೂಟರ್ ಮಷೀನಿನಲ್ಲಿ ತಂಪು ಮಾಡುವ ಕೂಲಂಟ್ ಧಾರಾಳವಾಗಿ ಹರಿಯುತ್ತದೆ, ಆಫ್‌ಸೆಟ್, ಅಂದರೆ ಅಳತೆಯ ತಿದ್ದುಪಡಿ, ಕೊಟ್ಟರೆ ಮುಗಿಯಿತು. ಹಿರಿಯರು ಹೇಳಿದ್ದೆಲ್ಲ ವೇದವಾಕ್ಯ ಎಂದು ಹಿಡಿದುಕೊಂಡರೆ ಮುಂದೆ ಹೋಗುವುದು ಹೇಗೆ?

ಮೈಕ್ರಾನ್_ಮಾವ

ಕೂಲಂಟ್ ಟ್ಯಾಂಕ್ ಮಧ್ಯಾಹ್ನ ಎಷ್ಟು ಬೆಚ್ಚಗಾಗಿರುತ್ತದೆ ಎಂದು ಕೈ ಅದ್ದಿ ನೋಡಿದ್ದೀರಾ? ಬೆಳಿಗ್ಗೆ ಮೊದಲ ಜಾಬ್‌ಗೂ ಮಧ್ಯಾಹ್ನ ಎರಡು ಗಂಟೆಯ ಜಾಬ್‌ಗೂ ಆಫ್‌ಸೆಟ್ ಯಾಕೆ ಬದಲಿಸುತ್ತೀರಿ ಹೇಳಿ. ಮಷೀನ್ ಹೊಸದು, ಕಬ್ಬಿಣ ಅದೇ.

ಸಿಎನ್‌ಸಿ_ಆಪರೇಟರ್

ಸರಿ, ಅದು ನಿಜ. ಸ್ಪಿಂಡಲ್ ಬಿಸಿಯಾದ ಮೇಲೆ ನಾವೂ ತಿದ್ದುತ್ತೇವೆ. ಒಪ್ಪಿದೆ.

ವಾರ್ಡ್_ನಂ_3

ನಾನು ನರ್ಸ್. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ನೈಟ್ ಡ್ಯೂಟಿ. ನನ್ನ ಜೊತೆ ಇದ್ದ ಸೀನಿಯರ್ ಸಿಸ್ಟರ್‌ಗೆ ಆಗಲೇ ಮೂವತ್ತು ವರ್ಷ ಸರ್ವಿಸ್. ಇಂಜೆಕ್ಷನ್ ಹಿಡಿದುಕೊಂಡು ಬೆಡ್ ಹತ್ತಿರ ಹೋಗಿ, ಕೇಸ್ ಶೀಟ್‌ನಲ್ಲಿದ್ದ ಹೆಸರು ಓದಿ, "ನೀವೇ ಅಲ್ವಾ ಅಮ್ಮಾ?" ಎಂದೆ. ಆ ಅಜ್ಜಿ ಹೂಂ ಅಂದರು. ಸಿಸ್ಟರ್ ಹಿಂದಿನಿಂದ ಬಂದು ನನ್ನ ಕೈ ಹಿಡಿದು ನಿಲ್ಲಿಸಿದರು. "ಅಮ್ಮಾ, ನಿಮ್ಮ ಹೆಸರೇನು?" ಎಂದು ಕೇಳಿದರು. ಅಜ್ಜಿ ಬೇರೆ ಹೆಸರು ಹೇಳಿದರು. ಸಂಜೆ ಬೆಡ್ ಬದಲಾಗಿತ್ತು, ಶೀಟ್ ಹಳೆಯ ಜಾಗದಲ್ಲೇ ಇತ್ತು.

ನನಗೆ ಕಾಲು ನಡುಗಿ ಸ್ಟೂಲ್ ಮೇಲೆ ಕೂತುಬಿಟ್ಟೆ. ಸಿಸ್ಟರ್ ಬೈಯಲಿಲ್ಲ. "ನೋವಿನಲ್ಲಿರುವವರು, ಹೆದರಿರುವವರು ಏನು ಕೇಳಿದರೂ ಹೂಂ ಅಂತಾರೆ ಕಣಮ್ಮ. ಉತ್ತರ ನೀನೇ ಅವರ ಬಾಯಿಗೆ ಹಾಕಬೇಡ. ಅವರ ಬಾಯಿಂದಲೇ ಹೇಳಿಸು" ಎಂದರು. ಔಷಧದ ಲೇಬಲ್ ಮೂರು ಸಲ ಓದುವುದೂ ಅವರದೇ ಕಲಿಕೆ: ಕಪಾಟಿನಿಂದ ತೆಗೆಯುವಾಗ, ಸಿರಿಂಜಿಗೆ ಎಳೆಯುವಾಗ, ಬಾಟಲಿ ವಾಪಸ್ ಇಡುವಾಗ. ಈಗ ಮನೆಯಲ್ಲಿ ಮಗನಿಗೂ "ಹೋಂವರ್ಕ್ ಮುಗೀತಲ್ವಾ?" ಎಂದು ಕೇಳುವುದಿಲ್ಲ. "ಏನೇನು ಬರೆದೆ?" ಎಂದು ಕೇಳುತ್ತೇನೆ.

ತುಂಗೆ_ತೀರ

ಸಿಸ್ಟರ್, ಇದನ್ನು ಎರಡು ಸಲ ಓದಿದೆ. ನಾವು ಗಂಡಸರು ಹೆಂಡತಿಗೆ ಕೇಳುವುದೂ ಹೀಗೇ, "ಏನೂ ತೊಂದರೆ ಇಲ್ವಲ್ಲ?" ಎಂದು. ಹೂಂ ಎನ್ನದೆ ಅವರು ಇನ್ನೇನು ಹೇಳಬೇಕು?

ಹೊಲಿಗೆ_ಅಕ್ಕ

ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಬೊಮ್ಮನಹಳ್ಳಿ ಕಡೆ. 2016ರಲ್ಲಿ ಸೇರಿದ ಹೊಸದು. ಪಕ್ಕದ ಮಷೀನಿನ ಅಕ್ಕ ಹದಿನೆಂಟು ವರ್ಷದಿಂದ ಕಾಲರ್ ಹೊಲಿಯುತ್ತಿದ್ದವರು. ಆ ವರ್ಷ ಏಪ್ರಿಲ್‌ನಲ್ಲಿ ಗಲಾಟೆ ಆಯಿತಲ್ಲ, ಮಾಲೀಕರು ಕಟ್ಟಿದ ಪಿಎಫ್ ಭಾಗವನ್ನು 58 ವರ್ಷ ಆಗುವವರೆಗೂ ತೆಗೆಯುವ ಹಾಗಿಲ್ಲ ಎಂದು ಕೇಂದ್ರದವರು ನಿಯಮ ತಂದಿದ್ದರು. ನಾವೆಲ್ಲ ಹೆಂಗಸರೇ ಹೊಸೂರು ರೋಡಿಗೆ ಇಳಿದೆವು. ತುಮಕೂರು ರೋಡಲ್ಲೂ ಇಳಿದರು. ಎರಡು ದಿನ. ನಿಯಮ ವಾಪಸ್ ಹೋಯಿತು.

ನಾನು ಹೆದರಿ ಹಿಂದೆ ನಿಂತಿದ್ದೆ. ಅಕ್ಕ ಕೈ ಹಿಡಿದು ಕರೆದುಕೊಂಡು ಹೋದರು. ಆದರೆ ಅದೇ ಅಕ್ಕ, ನಾನು ಮುಂದಿನ ವರ್ಷ ಫ್ಯಾಕ್ಟರಿ ಬದಲಿಸುವಾಗ ಪಿಎಫ್ ಬಿಡಿಸಿಕೊಳ್ಳಲು ಹೊರಟರೆ ಬೇಡ ಅಂದರು. "ನಮ್ಮ ದುಡ್ಡು ನಮಗೆ ಬೇಕಾದಾಗ ಸಿಗಬೇಕು ಅಂತ ಬೀದಿಗೆ ಬಂದಿದ್ದು. ಸಿಗತ್ತೆ ಅಂತ ಸೀರೆ ತಗೊಳ್ಳೋಕೆ ತೆಗೀಬೇಡ ಕಣೇ. ನಾನು ನಾಲ್ಕು ಸಲ ತೆಗೆದೆ, ಈಗ ಕೈಯಲ್ಲಿ ಏನಿದೆ ನೋಡು." ಪೇ ಸ್ಲಿಪ್ ತೆಗೆದು ಒಂದೊಂದು ಸಾಲೂ ಓದಿಸಿದರು. ನಾನು ಏಳನೇ ಕ್ಲಾಸು. ಅಲ್ಲಿಯವರೆಗೆ ಕೊನೆಯ ಸಾಲು ಮಾತ್ರ ನೋಡುತ್ತಿದ್ದೆ, ಕೈಗೆ ಎಷ್ಟು ಬರುತ್ತದೆ ಎಂದು.

ಲೆಕ್ಕದ_ಪುಸ್ತಕ

ಹೊಲಿಗೆ ಅಕ್ಕನವರ ಮಾತಿಗೆ ಸ್ವಲ್ಪ ಸೇರಿಸುತ್ತೇನೆ, ಇಪ್ಪತ್ತು ವರ್ಷದಿಂದ ಸಂಬಳದ ಲೆಕ್ಕ ಬರೆಯುವವನು ನಾನು. ನಮ್ಮ ಸಂಬಳದಿಂದ ಹೋಗುವ ಶೇ. 12 ಪೂರ್ತಿ ಪಿಎಫ್‌ಗೆ ಹೋಗುತ್ತದೆ. ಕಂಪನಿ ಕಟ್ಟುವ ಶೇ. 12ರಲ್ಲಿ 8.33 ಪೆನ್ಷನ್‌ಗೆ ಹೋಗುತ್ತದೆ, ಅದೂ 15,000 ರೂಪಾಯಿ ಮಿತಿಯ ಮೇಲೆ, ಅಂದರೆ ತಿಂಗಳಿಗೆ 1,250. ಪೆನ್ಷನ್ ಸಿಗಬೇಕಾದರೆ ಹತ್ತು ವರ್ಷ ಸರ್ವಿಸ್ ಇರಬೇಕು. ಕಂಪನಿ ಬಿಟ್ಟಾಗಲೆಲ್ಲ ಪೆನ್ಷನ್ ದುಡ್ಡನ್ನೂ ಸೇರಿಸಿ ಬಿಡಿಸಿಕೊಂಡರೆ ಆ ಸರ್ವಿಸ್ ಸೊನ್ನೆಗೆ ಬರುತ್ತದೆ. ಹೊಸ ಕಂಪನಿಗೆ ಟ್ರಾನ್ಸ್‌ಫರ್ ಮಾಡಿಸಿದರೆ ಹಳೆಯ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಐದು ವರ್ಷ ತುಂಬುವ ಮೊದಲು ತೆಗೆದರೆ ತೆರಿಗೆಯ ತಲೆನೋವೂ ಇದೆ. ಇದನ್ನು ಯಾವ ಎಚ್‌ಆರ್ ಕೂಡ ಕೂರಿಸಿಕೊಂಡು ಹೇಳುವುದಿಲ್ಲ. ಪಕ್ಕದ ಮಷೀನಿನ ಅಕ್ಕ ಹೇಳಬೇಕು.

ಜಯನಗರ_4ನೇ_ಬ್ಲಾಕ್

ಎಲ್ಲರೂ ಹಿರಿಯರನ್ನು ಹೊಗಳುತ್ತಿದ್ದೀರಿ, ನನ್ನ ಅನುಭವ ಬೇರೆ. ನಾನು ಸಾಫ್ಟ್‌ವೇರ್. ನನ್ನ ಮೊದಲ ಟೀಮಿನಲ್ಲಿದ್ದ ಹಿರಿಯರು, ಒಳ್ಳೆಯ ಮನುಷ್ಯರೇ, "ಕಂಪನಿಗೆ ನಿಯತ್ತಾಗಿರು, ಅದು ನಿನ್ನ ಕೈಬಿಡಲ್ಲ" ಎಂದು ಪ್ರತಿ ಅಪ್ರೈಸಲ್ ಆದ ಮೇಲೂ ಹೇಳುತ್ತಿದ್ದರು. ನಂಬಿ ಒಂಬತ್ತು ವರ್ಷ ಕೂತೆ. ನನ್ನ ಜೊತೆ ಸೇರಿದವರು ಎರಡು ಮೂರು ಕಡೆ ಬದಲಿಸಿ ನನ್ನ ಎರಡರಷ್ಟು ಸಂಬಳಕ್ಕೆ ಹೋದರು. ಕೊನೆಗೆ ಒಂದು ಶುಕ್ರವಾರ ಮಧ್ಯಾಹ್ನ ಮೀಟಿಂಗ್‌ಗೆ ಕರೆದು ನನ್ನನ್ನೂ ಅವರನ್ನೂ ಒಟ್ಟಿಗೇ ಕಳಿಸಿದರು. ಲಿಫ್ಟಿನಲ್ಲಿ ಇಬ್ಬರೇ ಇದ್ದೆವು. ಅವರು ನನ್ನ ಮುಖ ನೋಡಲಿಲ್ಲ. ಅವರ ಕಾಲದಲ್ಲಿ ಆ ಮಾತು ನಿಜ ಇರಬಹುದು. ನನ್ನ ಕಾಲಕ್ಕೆ ಆಗಿಬರಲಿಲ್ಲ. ಹಾಗಾಗಿ ವಯಸ್ಸಾಗಿದೆ ಎಂದ ಮಾತ್ರಕ್ಕೆ ಮಾತಿಗೆ ತೂಕ ಕೊಡಬೇಡಿ.

ತುಂಗೆ_ತೀರ

ಅವರು ಬೇಕೆಂದು ಸುಳ್ಳು ಹೇಳಲಿಲ್ಲವಲ್ಲ. ತಾವೇ ನಂಬಿದ್ದನ್ನು ಹೇಳಿದರು.

ಜಯನಗರ_4ನೇ_ಬ್ಲಾಕ್

ಹೌದು. ಅದಕ್ಕೇ ಅವರ ಮೇಲೆ ಸಿಟ್ಟಿಲ್ಲ. ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತೇನೆ. ಆದರೆ ಒಂಬತ್ತು ವರ್ಷ ಒಂಬತ್ತು ವರ್ಷವೇ.

ವಾರ್ಡ್_ನಂ_3

ಕೆಲಸದ ಬಗ್ಗೆ ಹಿರಿಯರು ಹೇಳಿದ್ದನ್ನು ಕಣ್ಣುಮುಚ್ಚಿ ಕೇಳಬಹುದು, ಮಾಲೀಕರ ಬಗ್ಗೆ ಹೇಳಿದ್ದನ್ನು ಮಾತ್ರ ಒಮ್ಮೆ ಪರೀಕ್ಷಿಸಬೇಕು. ನನ್ನ ಅನುಭವ ಇದು.

ಹೆಸರು_ಬೇಡ

ಮೊದಲ ಪೋಸ್ಟ್‌ನ "ಬಿಸಿ ಇದ್ದಾಗ ಅಳೆಯಬೇಡ" ಚೆನ್ನಾಗಿದೆ, ಆದರೆ ನನ್ನದು ಕೇಳಿ. ಒಂದು ಆಫೀಸಿನಲ್ಲಿ ನನ್ನ ಮೇಲಿನವನು ಕೆಟ್ಟದಾಗಿ ನಡೆದುಕೊಂಡ. ವಿವರ ಬರೆಯುವುದಿಲ್ಲ. ಅಲ್ಲಿದ್ದ ಒಬ್ಬ ಹಿರಿಯ ಮಹಿಳೆಗೆ ಅಳುತ್ತಾ ಹೇಳಿಕೊಂಡೆ. ಅವರು ಹೇಳಿದ್ದೂ ಇದನ್ನೇ: "ಈಗ ಕೋಪದಲ್ಲಿದ್ದೀಯ, ಸ್ವಲ್ಪ ದಿನ ಹೋಗಲಿ, ಅಡ್ಜಸ್ಟ್ ಮಾಡ್ಕೋ, ಹೆಣ್ಣುಮಕ್ಕಳಿಗೇ ಕೆಟ್ಟ ಹೆಸರು." ನಾನು ಸುಮ್ಮನಾದೆ. ಒಂದು ತಿಂಗಳು ಹೋಯಿತು. ಎರಡು ಹೋಯಿತು.

ಆಮೇಲೆ ಅಕೌಂಟ್ಸ್‌ನಲ್ಲಿದ್ದ ಇನ್ನೊಬ್ಬ ಹಿರಿಯರು, ರಿಟೈರ್‌ಮೆಂಟ್ ಹತ್ತಿರ ಇದ್ದವರು, ನಾನು ಊಟ ಬಿಟ್ಟಿದ್ದನ್ನು ಗಮನಿಸಿ ಕೇಳಿದರು. ಹೇಳಿದೆ. ಅವರು ಮೊದಲು ಕೇಳಿದ ಪ್ರಶ್ನೆ "ಯಾವ ತಾರೀಕು?" ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳದ ವಿರುದ್ಧ ಇರುವ 2013ರ ಕಾಯ್ದೆಯ ಪ್ರಕಾರ ಮೂರು ತಿಂಗಳ ಒಳಗೆ ದೂರು ಕೊಡಬೇಕು, ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಒಳಗಿನ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು, ಇಷ್ಟನ್ನೂ ನನಗೆ ಹೇಳಿದ್ದು ಅವರೇ. ಉಳಿದಿದ್ದದ್ದು ಹನ್ನೊಂದು ದಿನ. ಅವತ್ತು ಸಂಜೆಯೇ ಕೂತು ಬರೆದೆ. ಅವರು ಎದುರಿನ ಕುರ್ಚಿಯಲ್ಲಿ ಬೇರೆ ಏನೋ ಫೈಲ್ ನೋಡುತ್ತಾ ಕೂತಿದ್ದರು, ನಾನು ಬರೆದು ಮುಗಿಸುವವರೆಗೂ ಎದ್ದು ಹೋಗಲಿಲ್ಲ.

ಆರಲಿ ಎಂದು ಕಾಯುವುದು ಎಲ್ಲದಕ್ಕೂ ಅಲ್ಲ. ದಯವಿಟ್ಟು ಇದನ್ನು ಹೆಣ್ಣುಮಕ್ಕಳಿಗೆ ಹೇಳಿ.

ಪೀಣ್ಯ_ಹುಡುಗ

ಅಕ್ಕಾ, ನೀವು ಹೇಳಿದ್ದು ಸರಿ. ನಾನು ಹಾಗೆ ಯೋಚನೆ ಮಾಡಿರಲಿಲ್ಲ. ಇವತ್ತು ಟೀಗೆ ಹೋದಾಗ ನಿಮ್ಮ ಮಾತನ್ನು ಅಣ್ಣನಿಗೆ ಹೇಳಿದೆ. ಅವರು ಗ್ಲಾಸ್ ಕೆಳಗಿಟ್ಟು ಹೇಳಿದರು: "ಅಳೆಯೋಕೆ ಕಾಯಬೇಕು. ಮಷೀನ್ ನಿಲ್ಸೋಕೆ ಕಾಯಬಾರದು. ಕೈ ಸಿಕ್ಕಿಕೊಂಡಾಗ ಎಮರ್ಜೆನ್ಸಿ ಬಟನ್ ಒತ್ತೋಕೆ ಯಾರಾದ್ರೂ ಯೋಚನೆ ಮಾಡ್ತಾರಾ? ಆ ಹೆಣ್ಣುಮಗಳು ಒತ್ತಿದ್ದು ಅದನ್ನೇ."

ಹೆಸರು_ಬೇಡ

ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಘಾಟಿ_ಡ್ರೈವರ್

ಬಸ್ ಡ್ರೈವರ್ ನಾನು, ಚಿಕ್ಕಮಗಳೂರು ಮಂಗಳೂರು, ಕೊಟ್ಟಿಗೆಹಾರ ಚಾರ್ಮಾಡಿ ಮೇಲೆ. ಹೊಸದರಲ್ಲಿ ಒಬ್ಬ ಹಿರಿಯ ಡ್ರೈವರ್ ಪಕ್ಕ ಕೂರಿಸಿಕೊಂಡು ಕಲಿಸಿದರು. "ಯಾವ ಗೇರಲ್ಲಿ ಹತ್ತಿದೆಯೋ ಅದೇ ಗೇರಲ್ಲಿ ಇಳಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದ್ರೆ ಲೈನರ್ ಕಾದು, ನಿಜವಾಗ್ಲೂ ಬೇಕಾದಾಗ ಹಿಡಿಯಲ್ಲ." ಮಳೆಗಾಲದಲ್ಲಿ ಮಂಜು ಬಿದ್ದಾಗ ಹತ್ತು ಅಡಿ ಮುಂದೆ ಕಾಣುವುದಿಲ್ಲ, ಆಗ ಅವರ ಧ್ವನಿ ಕಿವಿಯಲ್ಲಿ ಕೇಳುತ್ತದೆ.

ಇನ್ನೊಂದು, ಇಕ್ಕಟ್ಟಾದ ಘಾಟಿಯಲ್ಲಿ ಇಳಿಯುವವನು ನಿಂತು ಹತ್ತುವವನಿಗೆ ದಾರಿ ಬಿಡಬೇಕು. ಇದು ನಿಯಮದಲ್ಲೇ ಇದೆ. ಈಗ ವೀಕೆಂಡ್‌ನಲ್ಲಿ ಬೆಂಗಳೂರಿನಿಂದ ಬರುವ ಕಾರಿನವರಿಗೆ ಗೊತ್ತೇ ಇಲ್ಲ. ಲೋಡ್ ಹೊತ್ತು ಹತ್ತುತ್ತಿರುವ ಗಾಡಿ ಒಮ್ಮೆ ನಿಂತರೆ ಮತ್ತೆ ಎತ್ತುವುದು ಎಷ್ಟು ಕಷ್ಟ ಎಂದು ಎತ್ತಿದವನಿಗೇ ಗೊತ್ತು.

ಸಿಎನ್‌ಸಿ_ಆಪರೇಟರ್

ಈ ನಿಯಮ ನನಗೆ ನಿಜವಾಗಲೂ ಗೊತ್ತಿರಲಿಲ್ಲ. ಹೋದ ತಿಂಗಳು ಶಿರಾಡಿಯಲ್ಲಿ ಲಾರಿಯವರಿಗೆ ಹಾರ್ನ್ ಹೊಡೆದಿದ್ದೆ.

ಘಾಟಿ_ಡ್ರೈವರ್

ಶಿರಾಡಿ ಅಗಲ ಇದೆ, ಪರವಾಗಿಲ್ಲ. ಚಾರ್ಮಾಡಿಯಲ್ಲಿ ಮಾಡಬೇಡಿ ಅಣ್ಣಾ.

ಕಡಲ_ತಡಿ

ದುಬೈಯಿಂದ ಬರೆಯುತ್ತಿದ್ದೇನೆ, ಊರು ಉಡುಪಿ ಹತ್ತಿರ. ನಾನು ಬಂದಾಗ ನಮ್ಮ ರೂಮಿನಲ್ಲಿ ಬಂಟ್ವಾಳದ ಒಬ್ಬರಿದ್ದರು, ಇಪ್ಪತ್ತಾರು ವರ್ಷದಿಂದ ಇಲ್ಲಿದ್ದವರು. ಅಷ್ಟೂ ವರ್ಷ ಸಂಬಳವೆಲ್ಲ ಊರಿನಲ್ಲಿ ತಮ್ಮನ ಖಾತೆಗೆ. ಮನೆ ಎದ್ದಿತು, ತೋಟ ಆಯಿತು, ತಂಗಿಯಂದಿರ ಮದುವೆ ಆಯಿತು. ಪತ್ರ ನೋಡಿದರೆ ಇವರ ಹೆಸರಿನಲ್ಲಿ ಏನೂ ಇಲ್ಲ. ಯಾರನ್ನೂ ದೂರುತ್ತಿರಲಿಲ್ಲ. ನನ್ನ ಮೊದಲ ಸಂಬಳದ ದಿನ ಮಾತ್ರ ನನ್ನನ್ನು ಕೂರಿಸಿಕೊಂಡು ಹೇಳಿದರು, "ಮನೆಗೆ ಕಳುಹಿಸು ಮಾರಾಯ, ಕಳುಹಿಸಲೇಬೇಕು. ಆದರೆ ಮೊದಲು ನಿನ್ನ ಹೆಸರಿನಲ್ಲಿ ಒಂದು ಎನ್‌ಆರ್‌ಇ ಖಾತೆ, ಹೊರದೇಶದ ಗಳಿಕೆ ಇಡುವ ಖಾತೆ, ಮಾಡು. ಅದರಿಂದ ಮನೆಗೆ ಹೋಗಲಿ. ಊರಿನ ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಊರಿನ ಆದಾಯಕ್ಕಿರುವ ಅನಿವಾಸಿ ಖಾತೆ, ಮಾಡಿಸು, ಹಾಗೇ ಇಟ್ಟುಕೊಳ್ಳುವ ಹಾಗಿಲ್ಲ."

ಅವರು ವಾಪಸ್ ಹೋದ ದಿನ ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಎರಡು ಪೆಟ್ಟಿಗೆ, ಒಂದು ಕಂಬಳಿ. ಇಪ್ಪತ್ತಾರು ವರ್ಷ.

ಹೊಲಿಗೆ_ಅಕ್ಕ

ಓದಿ ಕಣ್ಣಲ್ಲಿ ನೀರು ಬಂತು ಅಣ್ಣಾ.

ಪಾಸ್‌ಬುಕ್

ಖಾತೆಯ ಮಾತು ಬಂದಿದ್ದರಿಂದ ಸ್ವಲ್ಪ ಬೇರೆ ಕಡೆ ಹೋಗುತ್ತೇನೆ. ನಮ್ಮ ಬ್ರಾಂಚಿನಲ್ಲಿ ಹಿಂದೆ ಪಿಗ್ಮಿ (ಮನೆ, ಅಂಗಡಿಗೆ ಹೋಗಿ ದಿನಾ ಸಣ್ಣ ಉಳಿತಾಯ ಸಂಗ್ರಹಿಸುವುದು) ಕಲೆಕ್ಷನ್ ಮಾಡುತ್ತಿದ್ದ ಹಿರಿಯರು ಇದ್ದರು. ಪಿಗ್ಮಿ ಶುರುವಾದದ್ದು ಉಡುಪಿಯಲ್ಲಿ, 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತಲ್ಲ, ಅದರಲ್ಲಿ. ದಿನಕ್ಕೆ ಎರಡಾಣೆ. 2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕ್ ಕೆನರಾದಲ್ಲಿ ಸೇರಿಹೋಯಿತು. ನಮ್ಮ ಹಿರಿಯರು ಹೇಳುತ್ತಿದ್ದದ್ದು, "ಹೂವು ಮಾರುವವಳು ದಿನಾ ಹತ್ತು ರೂಪಾಯಿ ಕೊಡುವಾಗ ಎಣಿಸಿಯೇ ತಗೋ, ಅವಳೆದುರಿಗೇ ಬರೆ. ಹತ್ತು ರೂಪಾಯಿ ತಾನೇ ಎಂದು ಜೇಬಿಗೆ ಹಾಕಬೇಡ. ಅವಳಿಗೆ ಅದು ಸಣ್ಣದಲ್ಲ." ನಾನು ಈಗ ಲಕ್ಷದ ಚೆಕ್‌ಗೂ ಹತ್ತರ ನೋಟಿಗೂ ಒಂದೇ ರೀತಿ ಎದ್ದು ಕೂರುತ್ತೇನೆ.

ಜೋಳದ_ರೊಟ್ಟಿ

ಕಲಬುರಗಿ ಕಡೆಯವಳು ರೀ, ಪ್ರಾಥಮಿಕ ಶಾಲೆ ಟೀಚರ್. ನಮ್ಮ ಶಾಲೆಯ ಹಿರಿಯ ಗುರುಗಳು ನನ್ನ ಮೊದಲ ವಾರದಲ್ಲಿ ಕಿಟಕಿ ಹತ್ತಿರ ನಿಂತು ನೋಡುತ್ತಿದ್ದರು. ನಾನು ತಲೆ ಬಗ್ಗಿಸಿ ಹಾಜರಿ ಕರೆಯುತ್ತಿದ್ದೆ, ಟಿಕ್ ಹಾಕುತ್ತಿದ್ದೆ. ಆಮೇಲೆ ಕರೆದು ಹೇಳಿದರು, "ಬಾಯೀರೆ, ಹೆಸರು ಕರೆದ ಮ್ಯಾಲೆ ಮಾರಿ ನೋಡ್ರಿ. ಯಾರಿಗೆ ಜ್ವರ ಅದ, ಯಾರು ಉಣ್ಣದೇ ಬಂದಾರ, ಯಾರ ಮನ್ಯಾಗ ರಾತ್ರಿ ಜಗಳ ಆಗ್ಯದ, ಎಲ್ಲಾ ಆ ಒಂದು 'ಹಾಜರ್ ರೀ' ಅನ್ನೋದ್ರಾಗ ಗೊತ್ತಾಗ್ತದ."

ಹದಿನಾಲ್ಕು ವರ್ಷ ಆಯಿತು. ಹಾಜರಿಗೆ ನನಗೆ ಹತ್ತು ನಿಮಿಷ ಬೇಕು. ಇನ್‌ಸ್ಪೆಕ್ಷನ್‌ಗೆ ಬಂದವರು ಯಾಕೆ ಇಷ್ಟು ಹೊತ್ತು ಎಂದು ಕೇಳುತ್ತಾರೆ. ಕೇಳಲಿ.

ತುಂಗೆ_ತೀರ

ಮೊದಲ ಪ್ರಶ್ನೆಗೆ ಬರೋಣ. ಅಣ್ಣನಿಗೆ ಏನು ಕೊಡುವುದು? ಎಚ್‌ಎಂಟಿಯಲ್ಲಿ ಕಲಿತವರಿಗೆ ಎಚ್‌ಎಂಟಿ ವಾಚ್ ಕೊಡಿ. ಕೀ ಕೊಡುವ ಜನತಾ ಅಥವಾ ಪೈಲಟ್.

ಮೈಕ್ರಾನ್_ಮಾವ

ಅವರ ಹತ್ತಿರ ಇದ್ದೇ ಇರುತ್ತದೆ. ನನ್ನ ಮದುವೆಗೆ ಮಾವ ಕೊಟ್ಟ ಕಾಂಚನ್ ಇನ್ನೂ ನಡೆಯುತ್ತಿದೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಶುರು ಮಾಡಿದ್ದು, 2016ರಲ್ಲಿ ವಾಚ್ ವಿಭಾಗ ಮುಚ್ಚಲು ತೀರ್ಮಾನವಾಯಿತು. ಆ ವಿಷಯ ತೆಗೆದರೆ ನಾನು ರಾತ್ರಿಯೆಲ್ಲ ಬರೆಯುತ್ತೇನೆ.

ಜಯನಗರ_4ನೇ_ಬ್ಲಾಕ್

ಶಾಲು, ಪೇಟ, ಹಣ್ಣಿನ ಬುಟ್ಟಿ ಬೇಡ. ಪೇಟ ಬೀರುವಿನ ಮೇಲೆ ಧೂಳು ಹಿಡಿಯುತ್ತದೆ.

ಜೋಳದ_ರೊಟ್ಟಿ

ಯಾಕ್ರೀ ಬೇಡ? ನಮ್ಮ ಗುರುಗಳಿಗೆ ಶಾಲು ಹೊದಿಸಿದಾಗ ಅವರ ಹೆಂಡತಿ ಎಷ್ಟು ಸಂತೋಷ ಪಟ್ಟರು ಗೊತ್ತಾ. ನಾಲ್ಕು ಜನರೆದುರು ಗೌರವ ಕೊಡುವುದಕ್ಕೆ ಬೆಲೆ ಇದೆ. ಹೊದಿಸಿ.

ಲೆಕ್ಕದ_ಪುಸ್ತಕ

ಶಾಲೂ ಹೊದಿಸಿ, ಅದಕ್ಕಿಂತ ಮೊದಲು ಒಂದು ಭಾನುವಾರ ಅವರ ಮನೆಗೆ ಹೋಗಿ ಕಾಗದಪತ್ರ ಕೂತು ನೋಡಿ. ನಾನು ನೋಡಿದ ಹಾಗೆ ಕೈಕೆಲಸದಲ್ಲಿ ನಿಪುಣರಾದವರು ಕಾಗದದ ವಿಷಯದಲ್ಲಿ ಕಂಪನಿಯನ್ನೇ ನಂಬಿರುತ್ತಾರೆ. ಪೆನ್ಷನ್‌ಗೆ ಫಾರಂ 10ಡಿ ಹಾಕಬೇಕು. ಪಿಎಫ್ ನಾಮಿನಿ ಯಾರಿದ್ದಾರೆ ನೋಡಿ. ಆಧಾರ್, ಪಿಎಫ್, ಬ್ಯಾಂಕ್ ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನ ಒಂದೇ ಇದೆಯಾ ನೋಡಿ. ಗ್ರಾಚ್ಯುಟಿ ಲೆಕ್ಕ ನೀವೇ ಹಾಕಿ: ಕೊನೆಯ ಮೂಲ ವೇತನ ಮತ್ತು ಡಿಎ ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸರ್ವಿಸ್ ವರ್ಷದಿಂದ ಗುಣಿಸಿ. 22,000 ಇದ್ದು 35 ವರ್ಷ ಆಗಿದ್ದರೆ ಸುಮಾರು 4 ಲಕ್ಷ 44 ಸಾವಿರ. ಅವರು ಕೊಟ್ಟಷ್ಟು ಈಸಿಕೊಳ್ಳುವುದಲ್ಲ, ಎಷ್ಟು ಬರಬೇಕು ಎಂದು ಮೊದಲೇ ಗೊತ್ತಿರಬೇಕು.

ಪೀಣ್ಯ_ಹುಡುಗ

ಲೆಕ್ಕದ ಪುಸ್ತಕ ಅವರೇ, ನೀವು ಹೇಳಿದ ಹಾಗೆ ಇವತ್ತು ಅಣ್ಣನ ಮನೆಗೆ ಬಂದಿದ್ದೇನೆ. ಬಾಗಲಗುಂಟೆಯಲ್ಲಿ ಎರಡು ರೂಮಿನ ಮನೆ. ಒಂದು ಹಳೆಯ ಬಿಸ್ಕತ್ ಡಬ್ಬದಲ್ಲಿ ಎಲ್ಲ ಕಾಗದ ಮಡಚಿಟ್ಟಿದ್ದರು, ಮಡಿಕೆಯೆಲ್ಲ ಹರಿದಿತ್ತು.

ಎರಡು ವಿಷಯ ಸಿಕ್ಕಿತು. ಒಂದು, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲೂ ಪಿಎಫ್‌ನಲ್ಲೂ ಹುಟ್ಟಿದ ದಿನ ಜೂನ್ 1, ಆಧಾರ್‌ನಲ್ಲಿ ಮಾತ್ರ ಜನವರಿ 1. ಎರಡು, ಪಿಎಫ್ ನಾಮಿನಿ ಅವರ ತಾಯಿ. 1990ರಲ್ಲಿ ಸೇರಿದಾಗ ಮದುವೆ ಆಗಿರಲಿಲ್ಲ, ತಾಯಿಯ ಹೆಸರು ಬರೆದಿದ್ದರು. ತಾಯಿ ತೀರಿಕೊಂಡೇ ಹನ್ನೆರಡು ವರ್ಷವಾಗಿದೆ.

ಹತ್ತು ಮೈಕ್ರಾನ್ ತಪ್ಪಿದರೆ ಜಾಬ್ ಕೆಳಗಿಡದ ಮನುಷ್ಯ ಆ ಕಾಗದ ಹಿಡಿದುಕೊಂಡು ಸುಮ್ಮನೆ ಕೂತರು. "ಇಷ್ಟು ವರ್ಷದಲ್ಲಿ ನಾನು ಸತ್ತಿದ್ರೆ ಇವಳು ಎಲ್ಲಿ ಅಲೀಬೇಕಿತ್ತೋ" ಅಂದರು. ಒಳಗೆ ಅವರ ಹೆಂಡತಿ, ನಾನು ಅಮ್ಮ ಎನ್ನುತ್ತೇನೆ, ಒಗ್ಗರಣೆ ಹಾಕುತ್ತಿದ್ದರು, ಅವರಿಗೆ ಕೇಳಿಸಲಿಲ್ಲ.

ಲೆಕ್ಕದ_ಪುಸ್ತಕ

ಹೆದರಬೇಡಿ ಎಂದು ಹೇಳಿ. ಮದುವೆಗೆ ಮೊದಲು ಮಾಡಿದ ನಾಮಿನೇಷನ್ ಮದುವೆಯಾದ ಕೂಡಲೇ ತಾನಾಗಿ ರದ್ದಾಗುತ್ತದೆ. ಹಾಗಾಗಿ ಹೆಂಡತಿಗೆ ಹಕ್ಕು ಇದ್ದೇ ಇತ್ತು. ಆದರೆ ಅದನ್ನು ಸಾಬೀತು ಮಾಡಲು ಓಡಾಟ ಇರುತ್ತಿತ್ತು. ಈಗಲೇ ಆನ್‌ಲೈನ್‌ನಲ್ಲಿ ಇ-ನಾಮಿನೇಷನ್ ಮಾಡಿಸಿ. ಹೆಂಡತಿಯ ಆಧಾರ್ ನಂಬರ್, ಒಂದು ಫೋಟೋ ಬೇಕು, ಕೊನೆಗೆ ಆಧಾರ್ ಒಟಿಪಿಯಿಂದ ಸಹಿ. ಮೊಬೈಲ್ ನಂಬರ್ ಆಧಾರ್‌ಗೆ ಸೇರಿದೆಯಾ ನೋಡಿಕೊಳ್ಳಿ.

ಪಾಸ್‌ಬುಕ್

ಜೂನ್ 1! ನಮ್ಮಪ್ಪನದೂ ಅದೇ.

ಘಾಟಿ_ಡ್ರೈವರ್

ನಮ್ಮ ಡಿಪೋದಲ್ಲಿ ಒಂದೇ ದಿನ ಏಳು ಜನರ ಹುಟ್ಟುಹಬ್ಬ, ಎಲ್ಲರದೂ ಜೂನ್ 1. ಶಾಲೆಗೆ ಸೇರಿಸುವಾಗ ತಾರೀಕು ಗೊತ್ತಿಲ್ಲದಿದ್ದರೆ ಮೇಷ್ಟ್ರು ಅದನ್ನೇ ಬರೆಯುತ್ತಿದ್ದರು.

ಜೋಳದ_ರೊಟ್ಟಿ

ನಮ್ಮ ಹಳೆಯ ದಾಖಲಾತಿ ಪುಸ್ತಕ ತೆಗೆದರೆ ಪುಟಕ್ಕೆ ಪುಟ ಜೂನ್ 1. ಆ ಕಾಲದಲ್ಲಿ ತಾಯಂದಿರು ಹೇಳುತ್ತಿದ್ದದ್ದು "ಜೋಳದ ರಾಶಿ ಟೈಮಿಗೆ ಹುಟ್ಟ್ಯಾನ" ಎಂದು. ಮೇಷ್ಟ್ರು ಏನು ಬರೆಯಬೇಕು ಪಾಪ.

ವಾರ್ಡ್_ನಂ_3

ಜನವರಿ 1 ಕೂಡ ಹಾಗೇ. ಆಧಾರ್ ಮಾಡಿಸುವಾಗ ಬರೀ ವರ್ಷ ಹೇಳಿದವರಿಗೆ ಅದು ಬಿದ್ದಿದೆ. ನಮ್ಮ ವಾರ್ಡಿನ ಅರ್ಧ ಜನ ಜನವರಿ 1ರವರೇ.

ಲೆಕ್ಕದ_ಪುಸ್ತಕ

ಪೀಣ್ಯ ಹುಡುಗ, ಇಲ್ಲಿ ಸರಿ ಇರುವುದು ಪಿಎಫ್, ತಪ್ಪಿರುವುದು ಆಧಾರ್. ಹಾಗಾಗಿ ಪಿಎಫ್ ಮುಟ್ಟಬೇಡಿ. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನ ಮೂಲ ಪ್ರತಿ ತೆಗೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗಿ ಅಲ್ಲಿ ತಿದ್ದಿಸಿ. ಹುಟ್ಟಿದ ದಿನಾಂಕವನ್ನು ಸಾಮಾನ್ಯವಾಗಿ ಒಂದೇ ಸಲ ಬದಲಿಸಲು ಬಿಡುತ್ತಾರೆ, ಆದ್ದರಿಂದ ಆಪರೇಟರ್ ಟೈಪ್ ಮಾಡಿದ್ದನ್ನು ನೀವೇ ಪರದೆ ಮೇಲೆ ಓದಿ ಆಮೇಲೆ ಒಪ್ಪಿ. ಅದು ಆದ ಮೇಲೆ 10ಡಿ.

ಪೀಣ್ಯ_ಹುಡುಗ

ಸರಿ, ಸೋಮವಾರ ಅರ್ಧ ದಿನ ರಜೆ ಹಾಕಿ ಇಬ್ಬರೂ ಹೋಗುತ್ತೇವೆ. ನಾಮಿನೇಷನ್ ಮಾತ್ರ ಈಗಲೇ ಮಾಡೋಣ ಎಂದು ಫೋನ್ ತೆಗೆದೆ. ಅಮ್ಮನ ಫೋಟೋ ಬೇಕು ಅಂದೆ. ಅಣ್ಣ ಅಡುಗೆಮನೆ ಬಾಗಿಲಿಗೆ ಹೋಗಿ "ಸ್ವಲ್ಪ ಬಾರೇ ಇಲ್ಲಿ" ಎಂದು ಕರೆದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಗೋಡೆಗೆ ಒರಗಿ ನಿಂತರು. ಯಾವುದಕ್ಕೆ ಫೋಟೋ ಎಂದು ಕೇಳಿದರು. ಅಣ್ಣ ಹೇಳಲಿಲ್ಲ, ಟ್ಯೂಬ್‌ಲೈಟ್ ಹಾಕಿದರು, ಅಮ್ಮನ ಹಣೆಯ ಕೂದಲು ಸರಿ ಮಾಡಿದರು. ನಾನು ಎರಡು ಸಲ ತೆಗೆದೆ, ಮೊದಲನೆಯದು ಅಲುಗಾಡಿತ್ತು.

ಸರ್ವರ್ ಈಗ ನಿಧಾನ ಇದೆ, ಒಟಿಪಿ ಬರುತ್ತಿಲ್ಲ. ಇಲ್ಲೇ ಊಟ ಮಾಡಿಕೊಂಡು ಹೋಗು ಅಂದಿದ್ದಾರೆ. ಮತ್ತೆ ಪ್ರಯತ್ನಿಸುತ್ತೇನೆ.

ಲೆಕ್ಕದ_ಪುಸ್ತಕ

ರಾತ್ರಿ ಹತ್ತರ ಮೇಲೆ ಹಾಕಿ ನೋಡಿ, ಆಗ ಬೇಗ ಬರುತ್ತದೆ.